ಹಳೆಯ ಕಿಟಕಿಯ ಸಂದು: ಮುಚ್ಚಿಸುವುದು ಲಾಭವೋ, ಕಿಟಕಿ ಬದಲಿಸುವುದು ಲಾಭವೋ?

ಶ್ರೀರಂಗಪಟ್ಟಣದ ಕೋಟೆಯೊಳಗೂ ಗಂಜಾಮಿನಲ್ಲೂ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಪೇಟೆಬೀದಿಗಳಲ್ಲೂ ಕೆಳಗೆ ಅಂಗಡಿ, ಮೇಲೆ ಅಥವಾ ಹಿಂದೆ ವಾಸ ಎಂಬ ಕ್ರಮದ ಹಳೆಯ ಮನೆಗಳು ಇಂದಿಗೂ ಉಳಿದಿವೆ. ಅವುಗಳ ಕಿಟಕಿಗಳು ಸಾಮಾನ್ಯವಾಗಿ ಎರಡು ಕದಗಳ, ಕಬ್ಬಿಣದ ಸರಳುಗಳುಳ್ಳ ಮರದ ಕಿಟಕಿಗಳು. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಮೇಲೆ ಕೆಳಗೆ ಜಾರುವ ಸ್ಯಾಷ್ ಕಿಟಕಿಗಳ ಸಂದುಗಳನ್ನು ಚಳಿಗಾಳಿ ನುಗ್ಗದಂತೆ ಮುಚ್ಚುವ ಕೆಲಸ ಒಂದು ಪ್ರತ್ಯೇಕ ಕಸುಬಾಗಿಯೇ ಬೆಳೆದಿದೆ. ನಮ್ಮಲ್ಲಿ ಚಳಿಯ ಕಾಟ ಕಡಿಮೆ. ಧೂಳು, ಸೊಳ್ಳೆ, ಮಳೆಗಾಲದ ತೇವ ಮತ್ತು ಹವಾನಿಯಂತ್ರಕದ ವಿದ್ಯುತ್ ಬಿಲ್ಲು ನಮ್ಮ ಚಿಂತೆ. ಕಾರಣ ಬೇರೆಯಾದರೂ ತತ್ತ್ವ ಒಂದೇ.

ಇತ್ತೀಚಿನ ವರ್ಷಗಳಲ್ಲಿ ಅನೇಕ ವರ್ತಕ ಮಿತ್ರರು ಇಂತಹ ಕಿಟಕಿಗಳನ್ನು ಕಿತ್ತು ಅಲ್ಯೂಮಿನಿಯಂ ಅಥವಾ ಯುಪಿವಿಸಿ ಕಿಟಕಿಗಳನ್ನು ಕೂಡಿಸಲು ಮುಂದಾಗುತ್ತಿದ್ದಾರೆ. ಒಳ್ಳೆಯ ತೇಗದ ಚೌಕಟ್ಟು ಹಳೆಯ ಮರದ ಬೆಲೆಗೆ ಕೈಬಿಟ್ಟು ಹೋಗುತ್ತದೆ. ಹಾಗೆ ನಿರ್ಧರಿಸುವ ಮುನ್ನ ಲೆಕ್ಕವನ್ನೊಮ್ಮೆ ನೋಡುವುದು ಉಚಿತ.

ಸಂದಿನ ಅಳತೆ

ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಎರಡು ಕದದ ಕಿಟಕಿಯನ್ನು ತೆಗೆದುಕೊಳ್ಳೋಣ. ಅದರ ಸುತ್ತಳತೆ 14 ಅಡಿ. ಎರಡು ಕದಗಳು ಕೂಡುವ ನಡುವಿನ ಗೆರೆ 4 ಅಡಿ. ಒಟ್ಟು 18 ಅಡಿ, ಅಂದರೆ 216 ಅಂಗುಲ. ಸಂದು ಕೇವಲ ಒಂದು ಅಂಗುಲದ ಎಂಟನೆಯ ಒಂದು ಭಾಗವಿದ್ದರೂ ಒಟ್ಟು ತೆರಪು 27 ಚದರ ಅಂಗುಲವಾಗುತ್ತದೆ. ಗೋಡೆಯಲ್ಲಿ ಐದು ಅಂಗುಲ ಉದ್ದಗಲದ ರಂಧ್ರವಿದ್ದರೆ ಯಾರೂ ಅದನ್ನು ಹಾಗೆಯೇ ಬಿಡುವುದಿಲ್ಲ. ಕಿಟಕಿಯ ಸುತ್ತ ಹರಡಿಕೊಂಡಿರುವುದರಿಂದ ಮಾತ್ರ ಅದು ಕಣ್ಣಿಗೆ ಬೀಳುವುದಿಲ್ಲ.

ಪರೀಕ್ಷೆ ಸುಲಭ. ಫ್ಯಾನು ನಿಲ್ಲಿಸಿ, ಗಾಳಿ ಬೀಸುವ ದಿನ ಕಿಟಕಿ ಮುಚ್ಚಿ, ಹೊತ್ತಿಸಿದ ಊದುಬತ್ತಿಯನ್ನು ಅಂಚಿನ ಉದ್ದಕ್ಕೂ ಹಿಡಿದು ಸಾಗಬೇಕು. ಹೊಗೆ ಅಲುಗಿದ ಕಡೆ ಸಂದು ಇದೆ. ಕದದ ನಡುವೆ ಬಿಲ್ಲಿನ ಕಾಗದವನ್ನಿಟ್ಟು ಮುಚ್ಚಿ ಎಳೆದಾಗ ಅದು ಸಲೀಸಾಗಿ ಬಂದರೂ ಅದೇ ಅರ್ಥ. ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕನ್ನು ಪರೀಕ್ಷಿಸಲು ಮರೆಯಬಾರದು.

ಕೆಲಸದ ಕ್ರಮ

ಮೊದಲು ಸಡಿಲವಾದ ಬಿಜಾಗರಿ ಮತ್ತು ಚಿಲಕಗಳನ್ನು ಬಿಗಿ ಮಾಡಿಸಬೇಕು. ಎಷ್ಟೋ ಸಂದುಗಳು ಅಷ್ಟಕ್ಕೇ ಕಡಿಮೆಯಾಗುತ್ತವೆ. ಗೋಡೆಯ ಬಿರುಕಿಗೆ ಗಾರೆ ಅಥವಾ ಸೀಲೆಂಟ್, ಸಡಿಲವಾದ ಗಾಜಿಗೆ ಪುಟ್ಟಿ ತುಂಬಿಸಬೇಕು. ಬಳಿಕ ಕದ ಬಂದು ಕೂರುವ ಚೌಕಟ್ಟಿನ ಅಂಚಿಗೆ ರಬ್ಬರ್ ಪಟ್ಟಿ, ಎರಡು ಕದಗಳು ಕೂಡುವ ಕಡೆ ತೆಳುವಾದ ಮರದ ಪಟ್ಟಿ, ಜಾರುವ ಕಿಟಕಿಗಾದರೆ ಬ್ರಷ್ ಪಟ್ಟಿ ಸೂಕ್ತ. ಸ್ಪಂಜಿನ ಟೇಪು ಅಗ್ಗವಾದರೂ ಬೇಗನೆ ಚಪ್ಪಟೆಯಾಗುತ್ತದೆ; ಇಪಿಡಿಎಂ ರಬ್ಬರ್ ಹೆಚ್ಚು ಬಾಳುತ್ತದೆ.

ಕಾಲದ ಆಯ್ಕೆಯೂ ಮುಖ್ಯ. ಮರವು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಳೆಗಾಲದಲ್ಲಿ ಕದ ಬಿಗಿಯಾಯಿತೆಂದು ಅಂಚನ್ನು ಹೆರೆಸಿದರೆ ಬೇಸಿಗೆಯಲ್ಲಿ ಸಂದು ದೊಡ್ಡದಾಗುತ್ತದೆ. ಆದ್ದರಿಂದ ಒಣಹವೆಯಲ್ಲಿ ಕೆಲಸ ಮಾಡಿಸಿ, ಮರ ಉಬ್ಬಲು ತುಸು ಎಡೆ ಬಿಟ್ಟು, ಎಣ್ಣೆ ಅಥವಾ ಬಣ್ಣ ಬಳಿಸುವುದು ಲೇಸು.

ಖರ್ಚು ಮತ್ತು ಉಳಿತಾಯ

ಉದಾಹರಣೆಗೆ ಇಂತಹ ಆರು ಕಿಟಕಿಗಳಿವೆಯೆನ್ನೋಣ. ವ್ಯರ್ಥವೂ ಸೇರಿ 120 ಅಡಿ ಪಟ್ಟಿಗೆ ಅಡಿಗೆ 20 ರೂ.ನಂತೆ 2,400 ರೂ., ಬಡಗಿಯ ಎರಡು ದಿನದ ಕೂಲಿ 2,400 ರೂ., ಪುಟ್ಟಿ ಮತ್ತು ಎಣ್ಣೆಗೆ 1,200 ರೂ.; ಒಟ್ಟು 6,000 ರೂ. ಅದೇ ಆರು ಕಿಟಕಿಗಳನ್ನು ಬದಲಿಸಲು 72 ಚದರ ಅಡಿಗೆ 700 ರೂ.ನಂತೆ 50,400 ರೂ., ಶೇ. 18 ಜಿಎಸ್‌ಟಿ ಸೇರಿ 59,472 ರೂ.; ಗೋಡೆ ಒಡೆದು ಗಾರೆ ಮಾಡಿಸುವ ಖರ್ಚು ಬೇರೆ. ಈ ದರಗಳು ಲೆಕ್ಕದ ಅನುಕೂಲಕ್ಕಾಗಿ ಮಾತ್ರ. ಓದುಗರು ತಮ್ಮೂರಿನ ದರಪಟ್ಟಿಯನ್ನು ಇಟ್ಟು ನೋಡಬೇಕು.

ಇನ್ನು ಉಳಿತಾಯ. ಎರಡು ಕಿಟಕಿಗಳ ಒಂದು ಕೋಣೆಯಲ್ಲಿ ಹವಾನಿಯಂತ್ರಕವು ಗಂಟೆಗೆ ಒಂದೂವರೆ ಯೂನಿಟ್‌ನಂತೆ ದಿನಕ್ಕೆ 8 ಗಂಟೆ, ವರ್ಷಕ್ಕೆ 120 ದಿನ ನಡೆದರೆ 1,440 ಯೂನಿಟ್. ಶೇ. 10 ಉಳಿದರೆ 144 ಯೂನಿಟ್, 7 ರೂ.ನಂತೆ 1,008 ರೂ. ಆ ಎರಡು ಕಿಟಕಿಗಳ ಪಾಲಿನ ವೆಚ್ಚ 2,000 ರೂ. ಸುಮಾರು ಎರಡು ವರ್ಷಗಳಲ್ಲಿ ಹಿಂದಿರುಗುತ್ತದೆ. ಆರೂ ಕಿಟಕಿಗಳ ಖರ್ಚು ವಿದ್ಯುತ್ತಿನಿಂದಲೇ ಹಿಂದಿರುಗಬೇಕೆಂದರೆ ಆರು ವರ್ಷ ಬೇಕು. ಕಿಟಕಿಗಳನ್ನೆಲ್ಲ ಬದಲಿಸಿ ಉಳಿತಾಯ ದುಪ್ಪಟ್ಟಾಯಿತೆಂದುಕೊಂಡರೂ ಸುಮಾರು ಮೂವತ್ತು ವರ್ಷ! ಆದ್ದರಿಂದ ಹವಾನಿಯಂತ್ರಕವಿರುವ ಕೋಣೆ ಮೊದಲು, ಲೆಕ್ಕಪುಸ್ತಕ ಹಾಗೂ ದಾಸ್ತಾನು ಇಡುವ ಕೋಣೆ ಎರಡನೆಯದು, ಉಳಿದವು ಅನುಕೂಲವಾದಾಗ. ಬೆಲ್ಲವು ಗಾಳಿಯ ತೇವವನ್ನು ಹೀರಿ ನೀರೊಡೆಯುವ ಸರಕೆಂಬುದು ಈ ಭಾಗದ ವರ್ತಕರಿಗೆ ಹೇಳಬೇಕಾದ ಮಾತಲ್ಲ. ಮಳೆಯ ದಿನ ಭದ್ರವಾಗಿ ಮುಚ್ಚುವ, ಒಣ ದಿನ ತೆರೆಯಬಲ್ಲ ಕಿಟಕಿ ಅಲ್ಲಿ ಸರಕನ್ನೇ ಕಾಪಾಡುತ್ತದೆ.

ತೆರಿಗೆಯ ದೃಷ್ಟಿ

ಸ್ವಂತ ವಾಸದ ಮನೆಯ ರಿಪೇರಿಗೆ ಆದಾಯ ತೆರಿಗೆಯಲ್ಲಿ ಕಡಿತವಿಲ್ಲ. ಬಾಡಿಗೆಗೆ ಕೊಟ್ಟ ಮನೆಗೆ ವಾರ್ಷಿಕ ಮೌಲ್ಯದ ಶೇ. 30 ಕಡಿತವು ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ ದೊರೆಯುತ್ತದೆ. 1961ರ ಕಾಯಿದೆಯ ಈ ವ್ಯವಸ್ಥೆಯನ್ನು 2025ರ ಹೊಸ ಕಾಯಿದೆಯೂ ಉಳಿಸಿಕೊಂಡಿದೆ. ವ್ಯಾಪಾರದ ಕಟ್ಟಡವಾದರೆ ಚಾಲ್ತಿ ರಿಪೇರಿಯ ಖರ್ಚು ಆ ವರ್ಷದ ಲಾಭದಿಂದಲೇ ಪೂರ್ತಿ ಕಳೆಯುತ್ತದೆ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ಖರ್ಚು ಮಾತ್ರ ಚಾಲ್ತಿ ರಿಪೇರಿ, ಹೊಸ ಆಸ್ತಿಯನ್ನು ತರುವುದಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಂದು ಮುಚ್ಚಿಸಿದ್ದು ಈ ಅರ್ಥಕ್ಕೆ ಸಲೀಸಾಗಿ ಒಗ್ಗುತ್ತದೆ. ಎಲ್ಲ ಕಿಟಕಿಗಳನ್ನೂ ಬದಲಿಸಿದ್ದು ಬಂಡವಾಳ ವೆಚ್ಚವೆಂಬ ಪ್ರಶ್ನೆಗೆ ಎಡೆಮಾಡಬಹುದು. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಈ ಕಡಿತ ಪ್ರತ್ಯೇಕವಾಗಿ ಸಿಗದು.

ಜಿಎಸ್‌ಟಿಯಲ್ಲೂ ಇದೇ ಭೇದವಿದೆ. ಸ್ಥಿರ ಕಟ್ಟಡದ ರಿಪೇರಿ ಖರ್ಚನ್ನು ಬಂಡವಾಳಕ್ಕೆ ಸೇರಿಸಿದ ಮಟ್ಟಿಗೆ 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ತಡೆಯುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆಯಿದ್ದರೆ ಬಿಲ್ಲನ್ನು ನ್ಯಾಯವಾಗಿ ಭಾಗ ಮಾಡಬೇಕು. ಮನೆಯ ಖರ್ಚನ್ನು ಅಂಗಡಿಯ ಲೆಕ್ಕಕ್ಕೆ ತಳ್ಳುವುದು ಸಲ್ಲದು.

ಎರಡು ಎಚ್ಚರಿಕೆಗಳು

ಮೊದಲನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಗ್ಯಾಸ್ ಗೀಸರ್ ಇರುವ ಬಚ್ಚಲು, ಅಡುಗೆಮನೆ, ಕೆಂಡ ಅಥವಾ ಜನರೇಟರ್ ಬಳಸುವ ಜಾಗಗಳಲ್ಲಿ ಗಾಳಿಯ ದಾರಿಯನ್ನು ಎಂದಿಗೂ ಮುಚ್ಚಿಸಕೂಡದು. ಅಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನಿಗೆ ತಿಳಿಯುವ ಮೊದಲೇ ಕೊಲ್ಲುತ್ತದೆ. ಮಲಗುವ ಕೋಣೆಯಲ್ಲೂ ಮೇಲಿನ ಗವಾಕ್ಷಿಯನ್ನು ತೆರೆಯುವಂತೆಯೇ ಉಳಿಸಿಕೊಳ್ಳಬೇಕು.

ಎರಡನೆಯದು ಶ್ರೀರಂಗಪಟ್ಟಣದವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಈ ವಲಯದಲ್ಲಿ ಹಳೆಯ ಕಟ್ಟಡದ ದುರಸ್ತಿ, ನವೀಕರಣಕ್ಕೂ ಅನುಮತಿ ಬೇಕು. ಇರುವ ಕದಕ್ಕೆ ರಬ್ಬರ್ ಪಟ್ಟಿ ಅಂಟಿಸುವುದರಿಂದ ಕಟ್ಟಡ ಬದಲಾಗುವುದಿಲ್ಲ. ಚೌಕಟ್ಟು ಕಿತ್ತು ಗೋಡೆ ಒಡೆಯುವುದು ಬೇರೆ ಮಾತು; ಮೇಸ್ತ್ರಿಗೆ ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಗೆದ್ದಲು ಹಿಡಿದು ಒಳಗೆ ಟೊಳ್ಳಾದ ಚೌಕಟ್ಟನ್ನು ಬದಲಿಸದೆ ಗತ್ಯಂತರವಿಲ್ಲ. ಉಳಿದ ಕಿಟಕಿಗಳಿಗೆ ಯುಗಾದಿಯ ಸುಣ್ಣಬಣ್ಣದ ಕೆಲಸದೊಡನೆಯೇ ಊದುಬತ್ತಿಯ ಪರೀಕ್ಷೆ ನಡೆಸಿ, ಒಂದು ಕೋಣೆಯ ಕೆಲಸ ಮುಗಿಸಿ, ಮರುವರ್ಷದ ಬೇಸಿಗೆಯ ವಿದ್ಯುತ್ ಬಿಲ್ಲಿನ ಯೂನಿಟ್ಟುಗಳನ್ನು ಹಿಂದಿನ ವರ್ಷದ್ದರೊಡನೆ ಹೋಲಿಸಿ ನೋಡಬಹುದು. ಮುಂದಿನ ಕೋಣೆಗೆ ಹಣ ಹಾಕಬೇಕೇ ಬೇಡವೇ ಎಂಬುದನ್ನು ಆ ಬಿಲ್ಲೇ ತಿಳಿಸುತ್ತದೆ.