ಯಲಹಂಕದ ದಾರಿಯಿಂದ ಬೆಂಗಳೂರು

ಬೆಂಗಳೂರನ್ನು ನೋಡಬಂದ ನೆಂಟರಿಗೆ ಲಾಲ್‌ಬಾಗನ್ನೂ ಟಿಪ್ಪುವಿನ ಅರಮನೆಯನ್ನೂ ವಿಧಾನಸೌಧವನ್ನೂ ತೋರಿಸಿ ನಾವು ಕೃತಾರ್ಥರಾಗುವುದು ವಾಡಿಕೆ. ಇವೆಲ್ಲವೂ ನೋಡತಕ್ಕವೇ ಸರಿ. ಆದರೆ ಈ ಊರು ಎಲ್ಲಿಂದ ಬಂದಿತು, ಏತರಿಂದ ಬದುಕಿತು ಎಂದು ನೆಂಟರು ಕೇಳಿದರೆ, ಅವರನ್ನು ಉತ್ತರದ ಕಡೆಗೆ ಕರೆದೊಯ್ಯಬೇಕು. ಒಂದು ದಿನದ ಬಿಡುವು ಸಾಕು.

ಬೆಳಗ್ಗೆ ಯಲಹಂಕದ ಮಗ್ಗುಲಿನ ಅಟ್ಟೂರಿನಿಂದ ಹೊರಡುವುದು ಒಳ್ಳೆಯದು. ಅಲ್ಲಿ ನೋಡತಕ್ಕದ್ದು ಕೆರೆ. ಬೆಂಗಳೂರಿಗೆ ಜೀವನದಿಯೆಂಬುದಿಲ್ಲ. ಸುಮಾರು 3,000 ಅಡಿ ಎತ್ತರದ ಈ ದಿಣ್ಣೆಯ ಮೇಲೆ ಬಿದ್ದ ಮಳೆಯನ್ನು ಏರಿ ಕಟ್ಟಿ ನಿಲ್ಲಿಸಿ, ತೂಬಿನಿಂದ ಗದ್ದೆಗೆ ಬಿಟ್ಟು, ಹೆಚ್ಚಾದುದನ್ನು ಕೋಡಿಯ ಮೂಲಕ ಕೆಳಗಿನ ಕೆರೆಗೆ ಹರಿಯಿಸುವುದೇ ಹಿರಿಯರು ಕಂಡ ಉಪಾಯ. ಯಲಹಂಕದ ಕೆರೆ ತುಂಬಿದರೆ ಜಕ್ಕೂರಿಗೆ, ಜಕ್ಕೂರು ತುಂಬಿದರೆ ರಾಚೇನಹಳ್ಳಿಗೆ ನೀರು ಇಳಿಯುತ್ತದೆ. ಒಂದು ಕಾಲುವೆ ಮುಚ್ಚಿದರೆ ಮೇಲಿನವನಿಗೆ ಪ್ರವಾಹ, ಕೆಳಗಿನವನಿಗೆ ಬರ. ಮಳೆಗಾಲದಲ್ಲಿ ಬಡಾವಣೆಗಳಿಗೆ ನೀರು ನುಗ್ಗಿದಾಗ ಈ ಮಾತು ನೆನಪಿಗೆ ಬರುವುದು. ಅದಕ್ಕೆ ಮೊದಲೇ ಏರಿಯ ಮೇಲೆ ನಿಂತು ಅರಿತುಕೊಳ್ಳುವುದು ಮೇಲು.

ಮುಂದೆ ಯಲಹಂಕದ ಹಳೆಯ ಊರು. ವೇಣುಗೋಪಾಲಸ್ವಾಮಿಯ ಗುಡಿಯನ್ನು ನೋಡಿ, ಅದರ ಸುತ್ತಣ ಕಿರುಬೀದಿಗಳಲ್ಲಿ ನಡೆಯಬೇಕು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಈ ಸೀಮೆಗೆ ಇಲೈಪ್ಪಾಕ್ಕನಾಡು ಎಂಬ ಹೆಸರಿದೆ. ಇಲ್ಲಿಯ ನಾಡಪ್ರಭುಗಳ ವಂಶದ ಕೆಂಪೇಗೌಡರೇ 1537ರಲ್ಲಿ, ವಿಜಯನಗರದ ಅಚ್ಯುತರಾಯನ ಆಳ್ವಿಕೆಯಲ್ಲಿ, ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದರು. ಇಂದು ಯಲಹಂಕವು ಬೆಂಗಳೂರಿನ ಒಂದು ಭಾಗ. ಮಗಳ ಮನೆಯಲ್ಲಿ ತಾಯಿ ಬಂದು ನೆಲೆಸಿದಂತೆ.

ಅಲ್ಲಿಂದ ದಕ್ಷಿಣಕ್ಕೆ ಬಂದರೆ ಹೆಬ್ಬಾಳ. ಇಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದು ಸುಮಾರು 750ನೆಯ ಇಸವಿಯದು. ಗಂಗರ ಶ್ರೀಪುರುಷನ ಕಾಲದಲ್ಲಿ ಪೆರ್ಬೊಳಲುನಾಡಿನ ಮೇಲೆ ರಟ್ಟವಾಡಿಯ ದಂಡು ಬಂದಾಗ ಕಾದಿ ಮಡಿದ ಕಿತ್ತಯ್ಯನೆಂಬವನ ನೆನಪಿನ ಕಲ್ಲು. ನಗರದಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಇದನ್ನು ಅತ್ಯಂತ ಹಳೆಯದೆಂದು ಎಣಿಸಲಾಗಿದೆ. ಕೆಂಪೇಗೌಡರಿಗಿಂತ ಸುಮಾರು ಎಂಟು ನೂರು ವರ್ಷ ಮೊದಲೇ ಇಲ್ಲಿ ಊರಿತ್ತು, ಅದಕ್ಕಾಗಿ ಪ್ರಾಣ ಕೊಡುವವರಿದ್ದರು, ಅವರ ಹೆಸರನ್ನು ಕನ್ನಡದಲ್ಲಿ ಬರೆದಿಡುವವರೂ ಇದ್ದರು.

ಸಂಜೆಗೆ ಮೇಖ್ರಿ ವೃತ್ತದ ಬಳಿ, ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಉತ್ತರದ್ದನ್ನು ಕಂಡು, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕಕ್ಕೆ ಬಂದರೆ ಯಾತ್ರೆ ಮುಗಿಯಿತು. ಪೇಟೆಗೆ ಗೆರೆ ಎಳೆಯಲು ಎತ್ತುಗಳನ್ನು ಹೂಡಿದ್ದು ಇಲ್ಲಿಂದಲೇ ಎಂಬುದು ಜನಜನಿತವಾದ ಕಥೆ.

ಕೊನೆಯದಾಗಿ ಒಂದು ಮಾತು. ರೈಸ್ ಮಹಾಶಯರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಪ್ರಕಟಿಸಿದರು. ಆಗ ಇದ್ದ ಕಲ್ಲುಗಳಲ್ಲಿ ಅನೇಕವು ಇಂದು ಸ್ಥಳದಲ್ಲಿಲ್ಲ; ಕೆಲವು ತಳಪಾಯದ ಪಾಲಾದುವು, ಕೆಲವು ರಸ್ತೆಯ ಕೆಳಗೆ ಸೇರಿದುವು. ಉಳಿದವುಗಳ ಮೂರು ಆಯಾಮದ ಪ್ರತಿರೂಪಗಳನ್ನು ಮಿಥಿಕ್ ಸೊಸೈಟಿಯವರು 2021ರಿಂದ ತೆಗೆದಿರಿಸುತ್ತ ಬಂದಿದ್ದಾರೆ. ಪ್ರವಾಸಿಯ ಕೆಲಸವೂ ಅಲ್ಪವಲ್ಲ. ಅಕ್ಷರವಿರುವ ಕಲ್ಲನ್ನು ಕಂಡರೆ ಬಣ್ಣ ಬಳಿಯದಿರಲಿ, ಉಜ್ಜದಿರಲಿ. ಚಿತ್ರ ತೆಗೆದು ತಿಳಿದವರಿಗೆ ತಿಳಿಸಲಿ. ಕಿತ್ತಯ್ಯನ ಕಲ್ಲು ನಮಗೆ ದಕ್ಕಿದ್ದು ಯಾರೋ ಒಬ್ಬರು ನಿಂತು ನೋಡಿದ್ದರಿಂದ.