ಹಿರಿಯ ಕ್ರಿಕೆಟಿಗನನ್ನು ಅಳೆಯುವುದೆಂತು?

ಕ್ರಿಕೆಟಿನ ತವರಾದ ಇಂಗ್ಲೆಂಡಿನಲ್ಲಿ ಸರ್ವಶ್ರೇಷ್ಠ ಆಟಗಾರ ಯಾರೆಂಬ ವಾದ ಇಂದಿಗೂ ಮುಗಿದಿಲ್ಲ. ಡಬ್ಲ್ಯು. ಜಿ. ಗ್ರೇಸ್ ಎನ್ನುವವರುಂಟು, ಜಾಕ್ ಹಾಬ್ಸ್ ಎನ್ನುವವರುಂಟು, ಇಯಾನ್ ಬಾಥಮ್ ಎನ್ನುವವರೂ ಉಂಟು. ಬೌಲರುಗಳಲ್ಲಿ ಸಿಡ್ನಿ ಬಾರ್ನ್ಸ್ 27 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದರು. ಜೇಮ್ಸ್ ಆಂಡರ್ಸನ್ 188 ಟೆಸ್ಟುಗಳಲ್ಲಿ 704. ಒಬ್ಬರದು ಶೀಘ್ರದ ಗಳಿಕೆ, ಇನ್ನೊಬ್ಬರದು ದೀರ್ಘ ತಪಸ್ಸು. ಯಾವುದು ಹೆಚ್ಚೆಂಬುದನ್ನು ಅಂಕಿಗಳು ತಾವಾಗಿ ಹೇಳಲಾರವು.

ನಮ್ಮ ಕನ್ನಡಿಗ ಆಟಗಾರರ ವಿಷಯದಲ್ಲಿಯೂ ತೊಡಕು ಇದೇ. ಆದುದರಿಂದ ‘ಎಷ್ಟು?’ ಎಂದು ಕೇಳುವ ಮುನ್ನ ‘ಯಾವಾಗ?’ ಎಂದು ಕೇಳುವುದು ಲೇಸು.

ಮೈಸೂರಿನಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿತ್ತು. ಆ ಕೈಯಿಂದಲೇ 1971ರಲ್ಲಿ ಲಂಡನಿನ ಓವಲ್ ಮೈದಾನದಲ್ಲಿ ಅವರು 38 ಓಟಗಳಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಆ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ವಿಜಯ ದೊರೆಯಿತು.

ಭದ್ರಾವತಿಯಲ್ಲಿ ಜನಿಸಿದ ಜಿ. ಆರ್. ವಿಶ್ವನಾಥರ ಹಿರಿಮೆಗೆ ಎರಡು ಸಾಕ್ಷಿಗಳಿವೆ. 1975ರ ಜನವರಿಯಲ್ಲಿ ಮದರಾಸಿನಲ್ಲಿ, ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಅವರ ವೇಗದೆದುರು ಭಾರತ ಗಳಿಸಿದ 190ರಲ್ಲಿ ಅಜೇಯ 97 ಇವರದೇ. ಶತಕವಲ್ಲದಿದ್ದರೂ ಅದು ಗೆಲುವಿಗೆ ತಳಹದಿಯಾಯಿತು. 1980ರಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಾಯಕರಾಗಿದ್ದ ಅವರು, ಔಟೆಂಬ ತೀರ್ಪು ಪಡೆದಿದ್ದ ಇಂಗ್ಲೆಂಡಿನ ಬಾಬ್ ಟೇಲರರನ್ನು ಮರಳಿ ಆಡಲು ಕರೆದರು. ಟೇಲರ್ ಮತ್ತು ಬಾಥಮ್ ಜೊತೆಯಾಟದಲ್ಲಿ 171 ಓಟ ಕೂಡಿಸಿದರು; ಭಾರತ ಸೋತಿತು. ಸೋತ ಆ ಪಂದ್ಯದಿಂದಲೇ ವಿಶ್ವನಾಥರ ಹೆಸರು ಬೆಳೆಯಿತೆಂಬುದು ಗಮನಿಸತಕ್ಕ ಸಂಗತಿ.

ರಾಹುಲ್ ದ್ರಾವಿಡ್ 2011ರಲ್ಲಿ ಇಂಗ್ಲೆಂಡಿಗೆ ಹೋದಾಗ ಭಾರತ ನಾಲ್ಕೂ ಟೆಸ್ಟುಗಳಲ್ಲಿ ಪರಾಭವಗೊಂಡಿತು. ಸುತ್ತಲಿನವರು ಉರುಳುತ್ತಿದ್ದರೂ ಅವರೊಬ್ಬರೇ ಮೂರು ಶತಕ ಹೊಡೆದರು. ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂದೇ ಇನ್ನಿಂಗ್ಸಿನ ಹತ್ತೂ ವಿಕೆಟುಗಳನ್ನು ಪಡೆದರು. ಅದಕ್ಕೆ ಮುನ್ನ ಟೆಸ್ಟಿನಲ್ಲಿ ಆ ಸಾಧನೆ ಇಂಗ್ಲೆಂಡಿನ ಜಿಮ್ ಲೇಕರರೊಬ್ಬರದೇ ಆಗಿತ್ತು. 2002ರಲ್ಲಿ ಆ್ಯಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿ ಬ್ರಯಾನ್ ಲಾರಾರನ್ನು ಔಟ್ ಮಾಡಿದವರೂ ಇವರೇ.

ದಾಮರಗಿದ್ದದಂತಹ ಗಡಿನಾಡಿನ ಕನ್ನಡ ಮನೆಗಳಲ್ಲಿ ಈ ಮಾತು ಬಂದರೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ‘ನಮ್ಮವರು’ ಯಾರು? ಬೆಂಗಳೂರಿನವರೋ, ಹೈದರಾಬಾದಿನವರೋ? 1956ರವರೆಗೆ ರಾಯಚೂರು, ಕಲಬುರ್ಗಿ, ಮಹಬೂಬನಗರಗಳೆಲ್ಲ ಒಂದೇ ಹೈದರಾಬಾದ್ ರಾಜ್ಯದೊಳಗಿದ್ದವು. ಭಾಷೆ ಒಂದು ಕಡೆ, ಆಡಳಿತ ಇನ್ನೊಂದು ಕಡೆ ಆದ ಮಾತ್ರಕ್ಕೆ ಅಭಿಮಾನವನ್ನು ಕೊಡಲಿಯಿಂದ ಸೀಳಬೇಕೆ? 2001ರ ಮಾರ್ಚ್ 14ರಂದು ಕೋಲ್ಕತ್ತೆಯಲ್ಲಿ ಆಸ್ಟ್ರೇಲಿಯದ ವಿರುದ್ಧ ಹೈದರಾಬಾದಿನ ವಿ. ವಿ. ಎಸ್. ಲಕ್ಷ್ಮಣ್ ಮತ್ತು ಬೆಂಗಳೂರಿನ ದ್ರಾವಿಡ್ ಇಡೀ ದಿನ ಔಟಾಗದೆ ನಿಂತರು. ಅವರ ಜೊತೆಯಾಟ 376 ಓಟಗಳದು. ಫಾಲೋ ಆನ್ ಅನುಭವಿಸಿದ್ದ ಭಾರತ 171 ಓಟಗಳಿಂದ ಗೆದ್ದಿತು. ಲಕ್ಷ್ಮಣರ 281 ದೊಡ್ಡದೋ, ದ್ರಾವಿಡರ 180 ದೊಡ್ಡದೋ ಎಂದು ಜಗಳವಾಡುವವರು ಒಂದನ್ನು ಮರೆಯುತ್ತಾರೆ: ಒಬ್ಬರು ಬಿದ್ದಿದ್ದರೆ ಇನ್ನೊಬ್ಬರ ಅಂಕಿ ಅಷ್ಟು ಬೆಳೆಯುತ್ತಿರಲಿಲ್ಲ. ಆ ದಿನದ ಮೇಲೆ ಗಡಿನಾಡಿನವರಿಗೆ ಇಮ್ಮಡಿ ಹಕ್ಕುಂಟು.

ಇಷ್ಟೆಲ್ಲ ಹೇಳಿಯೂ ತೀರ್ಪು ಕೊಡದೆ ಜಾರಿಕೊಳ್ಳುವುದು ನ್ಯಾಯವಲ್ಲ. ಕನ್ನಡಿಗರಲ್ಲಿ ಲೇಖಕನ ಮತ ಕುಂಬ್ಳೆಯವರಿಗೆ. ಟೆಸ್ಟ್ ಗೆಲ್ಲಲು ಸಾಮಾನ್ಯವಾಗಿ ಎದುರಾಳಿಯ ಇಪ್ಪತ್ತು ವಿಕೆಟ್ ಬೀಳಬೇಕು. ಆ ಭಾರವನ್ನು ಹದಿನೆಂಟು ವರ್ಷ ಹೊತ್ತು 619 ವಿಕೆಟ್ ಪಡೆದವರು ಅವರು. ‘ಎಷ್ಟು?’ ‘ಯಾವಾಗ?’ ಎಂಬ ಎರಡು ಪ್ರಶ್ನೆಗಳಿಗೂ ಅವರಲ್ಲಿ ಉತ್ತರವಿದೆ. ಒಪ್ಪದ ವಾಚಕರು ತಮ್ಮ ಮನೆಯಲ್ಲಿ ಬೇರೆ ಹೆಸರನ್ನು ನಿಲ್ಲಿಸಲಿ. ಆದರೆ ಹೆಸರಿನೊಡನೆ ಒಂದು ಪಂದ್ಯವನ್ನೂ, ಅಂದಿನ ಕಷ್ಟವನ್ನೂ ಮಕ್ಕಳಿಗೆ ಹೇಳಲಿ. ಆಗ ವಾದವು ಬರಿಯ ಜಗಳವಾಗದೆ ತಿಳಿವಳಿಕೆಯಾಗುತ್ತದೆ.