ದೀಪದ ಕೆಳಗಿನ ಕತ್ತಲು

ಬೆಳಕಿನ ವಿಷಯದಲ್ಲಿ ನಮ್ಮ ನುಡಿ ಬಡವಾದುದಲ್ಲ. ಹಳಗನ್ನಡದ ಸೊಡರಿನಿಂದ ಹಿಡಿದು ಹಣತೆ, ದೀವಟಿಗೆ, ಪಂಜು, ಬುಡ್ಡಿ, ನಮ್ಮ ಬೀದರ ಸೀಮೆಯ ಚಿಮಣಿ, ಕಂದೀಲುಗಳವರೆಗೆ ಅದೆಷ್ಟು ಹೆಸರು! ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕಾಲದ ಬಾಳುವೆಯಿದೆ. ಈ ಸಾಲಿಗೆ ಈಚೆಗೆ ಬಂದು ಸೇರಿದ ಮಾತು ‘ಸೌರದೀಪ’. ಸಮಾಸವೇನೋ ಸೊಗಸಾದುದೇ. ಆದರೆ ಆ ದೀಪ ಯಾರ ಮನೆಯಲ್ಲಿ ಬೆಳಗುತ್ತದೆ, ಎಷ್ಟು ಕಾಲ ಬೆಳಗುತ್ತದೆ ಎಂಬುದು ವಿಚಾರಿಸತಕ್ಕ ಸಂಗತಿ.

ಭಾಲ್ಕಿಯಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ ನಾಡಿನ ಇನ್ನೊಂದು ತುದಿಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಚಿಂತೆಯೇಕೆಂದು ವಾಚಕರು ಕೇಳಬಹುದು. ಚಾಮರಾಜನಗರ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯದ ಒಂದು ಭಾಗ ನಡೆಯುವುದು ಕಲ್ಯಾಣದಲ್ಲಿ. ಆ ಕಲ್ಯಾಣ ನಮ್ಮ ಜಿಲ್ಲೆಯದು, ಭಾಲ್ಕಿಗೆ ನೆರೆಯದು. ಆ ಹಾಡುಗಾರರು ತಮ್ಮ ಗುರುವನ್ನು ‘ಪರಂಜ್ಯೋತಿ’ ಎಂದು ಕರೆಯುತ್ತಾರೆ. ಅವರು ನಮ್ಮ ಊರನ್ನು ನೆನೆದು ಹಾಡುವಾಗ ಅವರ ನೆರೆಯ ಕಾಡಿನ ಇರುಳನ್ನು ನಾವು ನೆನೆಯುವುದು ಋಣಸಂದಾಯವಲ್ಲದೆ ಬೇರೆಯಲ್ಲ. ಮೇಲಾಗಿ ಸೋಲಿಗರ ನುಡಿ ಕನ್ನಡದ ಒಡಹುಟ್ಟು. ತಮ್ಮ ಕುಲದ ಹೆಣ್ಣನ್ನು ವರಿಸಿದನೆಂದು ರಂಗನಾಥನನ್ನೇ ಭಾವನೆಂದು ಕರೆಯುವ ಜನ ಅವರು.

ಆ ಬೆಟ್ಟಗಳಿಗೆ ಬಹುದೂರವಲ್ಲದ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿತು. ಹುಟ್ಟಿದ್ದು ಸುಮಾರು 147 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕಾಡಿನೊಳಗಣ ಎಷ್ಟೋ ಸೋಲಿಗರ ಪೋಡುಗಳಿಗೆ ಮಾತ್ರ ನೂರು ವರ್ಷ ಕಳೆದರೂ ತಂತಿ ಬರಲಿಲ್ಲ. ದೀಪದ ಕೆಳಗೆ ಕತ್ತಲು ಎಂಬ ಗಾದೆಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕೆ?

ಇದಕ್ಕೆ ಕಾರಣ ಬರಿಯ ಉದಾಸೀನವಲ್ಲ. 1974ರಲ್ಲಿ ಬಿಳಿಗಿರಿಯ ಕಾಡು ವನ್ಯಧಾಮವೆನಿಸಿತು. ಕುಮರಿ ಬೇಸಾಯ ಮಾಡಿಕೊಂಡು ಎಡೆಯಿಂದೆಡೆಗೆ ಸಾಗುತ್ತಿದ್ದವರು ಒಂದೆಡೆ ನೆಲೆನಿಲ್ಲಬೇಕಾಯಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಕಾಡಿನಲ್ಲಿ ತಂತಿಯೆಳೆಯಲು ಮರ ಬೀಳಬೇಕು. ಜೋತುಬಿದ್ದ ತಂತಿ ಆನೆಗೆ ಮೃತ್ಯು. ಈ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯಿದೆ ಒಂದು ಮಧ್ಯಮಾರ್ಗವನ್ನು ತೋರಿದೆ. ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ಕುಡಿಯುವ ನೀರು, ವಿದ್ಯುತ್ ತಂತಿ, ಅಸಾಂಪ್ರದಾಯಿಕ ಶಕ್ತಿಮೂಲ ಮೊದಲಾದವುಗಳಿಗೆ ಒಂದೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಕಾಡುನೆಲವನ್ನು, ಹೆಕ್ಟೇರಿಗೆ 75 ಮರ ಮೀರದಂತೆ, ಬಿಟ್ಟುಕೊಡಬಹುದು. ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿಯೇ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಎಂದಮೇಲೆ ಬೆಳಕು ಅವರು ಬೇಡಿ ಪಡೆಯತಕ್ಕ ಭಿಕ್ಷೆಯಲ್ಲ, ಕೂಡಿ ನಿರ್ಣಯಿಸತಕ್ಕ ಹಕ್ಕು.

ಸೂರ್ಯನಿಗಂತೂ ತಂತಿಯ ಹಂಗಿಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನಿನ ಸೌರಕೋಶವನ್ನು ಲೋಕದ ಮುಂದಿಟ್ಟರು. ಬಿಸಿಲು ತಾಗಿದೊಡನೆ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ಚಲಿಸತೊಡಗುತ್ತವೆ. ಆ ಚಲನೆಯೇ ವಿದ್ಯುತ್ತು. ಹಗಲಿನ ಗಳಿಕೆಯನ್ನು ಇರುಳಿಗೆ ಕೂಡಿಡುವುದು ಬ್ಯಾಟರಿ. ತೊಡಕಿರುವುದೂ ಇಲ್ಲಿಯೇ. ಮನೆಯ ಮೇಲಿನ ಫಲಕ ಇಪ್ಪತ್ತು ವರ್ಷಕ್ಕೂ ಮೇಲೆ ಬಾಳುತ್ತದೆ. ಸೀಸದ ಬ್ಯಾಟರಿಯ ಆಯುಷ್ಯ ಕೆಲವೇ ವರ್ಷ. ಅದಕ್ಕೆ ಆಗಾಗ ಶುದ್ಧ ನೀರು ತುಂಬಬೇಕು. ಭಾಲ್ಕಿಯ ಬಟ್ಟಬಯಲಿನಲ್ಲಿ ಬಿಸಿಲಿಗೆ ಅಡ್ಡಿಯಿಲ್ಲ. ಬಿಳಿಗಿರಿಯಲ್ಲಿ ಮರದ ನೆರಳು, ಮಳೆಗಾಲದ ಮೋಡ. ದಾನವಾಗಿ ಬಂದ ದೀಪದ ಬ್ಯಾಟರಿ ಸತ್ತ ದಿನ ದಾನಿ ಎದುರಿಗಿರುವುದಿಲ್ಲ. ಮನೆಯವರು ಮತ್ತೆ ಚಿಮಣಿಯನ್ನು ಹುಡುಕುತ್ತಾರೆ. ಮಗು ಪುಸ್ತಕವನ್ನು ಮಡಚಿಡುತ್ತದೆ. ಆನೆ ಬರುವ ಹಾದಿಯಲ್ಲಿ ನಡುರಾತ್ರಿ ಗರ್ಭಿಣಿಯನ್ನು ಕರೆದೊಯ್ಯಬೇಕಾದವರ ಪಾಡನ್ನು ಹೇಳಬೇಕಾದುದಿಲ್ಲ.

ಹರೀಶ್ ಹಂದೆ ಅವರು 1995ರಲ್ಲಿ ಸೆಲ್ಕೊ ಸಂಸ್ಥೆಯನ್ನು ಕಟ್ಟಿದಾಗ ಎದುರಿಸಿದ ವಾದ ಇಂಥದೇ: ಬಡವರು ಹಣ ಕೊಡಲಾರರು, ಯಂತ್ರವನ್ನು ಜೋಪಾನ ಮಾಡಲಾರರು ಎಂಬುದು. ಬಡವರ ಗಳಿಕೆಯ ಲಯಕ್ಕೆ ಹೊಂದುವಂತೆ ಬ್ಯಾಂಕಿನ ಸಾಲ, ರಿಪೇರಿಗೆ ಬರುವ ಹತ್ತಿರದ ಕೈ, ಇವೆರಡಿದ್ದರೆ ದೀಪ ಉಳಿಯುತ್ತದೆಂದು ಅವರು ತೋರಿಸಿಕೊಟ್ಟರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಅರಸಿ ಬಂದಿತು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಬಿಳಿಗಿರಿಯಲ್ಲಿ ತೆರೆದುದರ ಪಾಠವೂ ಇದೇ. ಅವರು ಮದ್ದು ಕೊಟ್ಟು ಹಿಂತಿರುಗಲಿಲ್ಲ, ಅಲ್ಲಿಯೇ ನಿಂತರು.

ನಮ್ಮ ರಾಜ್ಯಕ್ಕೆ ಬಿಸಿಲನ್ನು ದುಡಿಸುವ ವಿದ್ಯೆ ತಿಳಿಯದೆಂದಲ್ಲ. ಪಾವಗಡದ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟಿನ ಸೌರೋದ್ಯಾನ 2019ರಲ್ಲಿ ಪೂರ್ಣಗೊಂಡಿತು. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ-ಜನಮನ್ ಯೋಜನೆಯಲ್ಲಿ ತಂತಿ ತಲುಪದ ಮನೆಗಳಿಗೆ ಸೌರವಿದ್ಯುತ್ತಿನ ಏರ್ಪಾಟಿದೆ. ಕರ್ನಾಟಕದಲ್ಲಿ ಅದು ಜೇನುಕುರುಬರಿಗೂ ಕೊರಗರಿಗೂ ಅನ್ವಯಿಸುತ್ತದೆ. ಸೋಲಿಗರು ಆ ಪಟ್ಟಿಯಲ್ಲಿಲ್ಲ. ಪಟ್ಟಿಯ ಒಳಗಿನವರಾಗಲಿ ಹೊರಗಿನವರಾಗಲಿ, ಸಾವಿರಾರು ಮೆಗಾವಾಟಿನ ನಾಡಿಗೆ ಒಂದು ಪೋಡಿನ ಎರಡು ದೀಪ ಭಾರವಾಗಲಾರದು. ಭಾರವಾಗುವುದು ಆ ದೀಪದ ಹಿಂದೆ ವರ್ಷವರ್ಷವೂ ನಿಲ್ಲುವ ಹೊಣೆ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಮಕ್ಕಳಿಗೂ ಗೊತ್ತು. ಫಲಕ ಹೊರಗಿನದು, ಅದರ ಮರೆಯಲ್ಲಿ ದಿನದಿನವೂ ನಡೆದ ಪಾಠದಿಂದ ಕನ್ನಡ ಉಳಿಯಿತು. ಸೌರಫಲಕಕ್ಕೂ ಇದೇ ಮಾತು ಸಲ್ಲುತ್ತದೆ. ಸೋಲಿಗರ ಹುಡುಗನೊಬ್ಬ, ಹುಡುಗಿಯೊಬ್ಬಳು ತಮ್ಮ ಪೋಡಿನ ಬ್ಯಾಟರಿಯನ್ನು ತಾವೇ ಬಿಚ್ಚಿ ಸರಿಪಡಿಸುವಷ್ಟು ಕಲಿತರೆ, ಹೊಸದನ್ನು ಕೊಳ್ಳಲು ಗ್ರಾಮಸಭೆ ತಿಂಗಳಿಗಿಷ್ಟೆಂದು ಕೂಡಿಟ್ಟರೆ, ಆ ಬೆಳಕು ಅವರದಾಗುತ್ತದೆ. ಅಲ್ಲಿಯವರೆಗೆ ಅದು ಕಡ ತಂದ ಬೆಳಕು.